ಹಣ್ಣನ್ನು ಒಣಗಿಸಿಡುವ ವಿಚಾರ



ಈ ಹೊತ್ತು ನಾನು ತಮ್ಮ ಮುಂದೆ ಅರಿಕೆ ಮಾಡಬೇಕೆಂದಿರುವ ವಿಷಯವು ಅಷ್ಟೇನೂ ದೊಡ್ಡದಲ್ಲ. ಹಣ್ಣನ್ನು ಮನೆಯಲ್ಲಿಯೇ ಒಣಗಿಸಿ, ಹೊತ್ತುಹೊತ್ತಿಗೆ ತಿನಿಸಾಗಿ ಉಪಯೋಗಿಸುವುದಕ್ಕೂ ಮುಂದಿನ ತಿಂಗಳುಗಳಿಗೆಂದು ಕೂಡಿಡುವುದಕ್ಕೂ ಇರುವ ಕ್ರಮವೇನು, ಆ ಕ್ರಮಕ್ಕೆ ಕಾರಣವೇನು ಎಂಬುದಷ್ಟೇ ನನ್ನ ಮಾತು. ಕಾಲೇಜಿನಲ್ಲಿ ಇಂಗ್ಲಿಷು ಸಾಹಿತ್ಯವನ್ನು ಪಾಠ ಹೇಳುವವನಿಗೆ ಅಟ್ಟದ ಮೇಲಿನ ಡಬ್ಬಗಳ ಗೊಡವೆಯೇಕೆಂದು ತಾವು ಕೇಳಬಹುದು. ಆ ಗೊಡವೆಯು ನನಗೆ ಅಂಟಿದುದು ಸಾಹಿತ್ಯದ ದೆಸೆಯಿಂದಲೇ ಎಂದರೆ ತಮಗೆ ಆಶ್ಚರ್ಯವಾದೀತು.

ಕೆಲವು ವರ್ಷಗಳ ಕೆಳಗೆ ಒಂದು ತರಗತಿಗೆ ಡಿಕನ್ಸನು ೧೮೪೩ರಲ್ಲಿ ಪ್ರಕಟಿಸಿದ ಕ್ರಿಸ್ಮಸ್ ಕಥೆಯನ್ನು, ಸ್ಕ್ರೂಜನೆಂಬ ಜಿಪುಣನ ಆ ಪ್ರಸಿದ್ಧ ಕಥೆಯನ್ನು, ಹೇಳುತ್ತಿದ್ದೆನು. ಅದರಲ್ಲಿ ಲಂಡನ್ನಿನ ಹಣ್ಣಿನಂಗಡಿಗಳ ವರ್ಣನೆಯೊಂದುಂಟು. ಅಲ್ಲಿ ಕಿತ್ತಿಳೆ, ನಿಂಬೆಗಳ ನಡುವೆ 'ನಾರ್ಫೋಕ್ ಬಿಫಿನ್' ಎಂಬ ಹಣ್ಣು ಕುಳ್ಳಗೆ, ಕಪ್ಪಗೆ ಕುಳಿತಿರುವುದು. ಅದು ಒಂದು ಜಾತಿಯ ಸೇಬೆಂದು ಹೇಳಿ ನಾನು ಮುಂದಕ್ಕೆ ಹೋದೆನು. ಕಡಬದ ಕಡೆಯ ಹುಡುಗಿಯೊಬ್ಬಳು ಎದ್ದುನಿಂತು, "ಸೇಬು ಕೆಂಪಗೆ ದುಂಡಗೆ ಇರುವುದಲ್ಲವೇ? ಇದೇಕೆ ಕಪ್ಪಗೆ ಚಪ್ಪಟೆಯಾಗಿದೆ?" ಎಂದು ಕೇಳಿದಳು. ಹತ್ತಾರು ವರ್ಷ ಅದೇ ಪುಟವನ್ನು ಓದಿಸಿದ್ದರೂ ಈ ಪ್ರಶ್ನೆಯು ನನಗೆ ಹೊಳೆದಿರಲಿಲ್ಲ. ನಾಳೆ ಹೇಳುವೆನೆಂದು ತಪ್ಪಿಸಿಕೊಂಡು ಮನೆಗೆ ಬಂದು ಪುಸ್ತಕಗಳನ್ನು ಹುಡುಕಿದೆನು. ನಾರ್ಫೋಕ್ ಪ್ರಾಂತದಲ್ಲಿ ಗಟ್ಟಿ ಸಿಪ್ಪೆಯ ಒಂದು ಬಗೆಯ ಸೇಬು ಬೆಳೆಯುವುದು. ಅಲ್ಲಿನ ರೊಟ್ಟಿಯಂಗಡಿಯವರು ದಿನದ ರೊಟ್ಟಿಗಳನ್ನು ಸುಟ್ಟು ತೆಗೆದ ಮೇಲೆ, ಆರುತ್ತಿರುವ ಒಲೆಯೊಳಗೆ ಈ ಸೇಬುಗಳನ್ನು ಜೋಡಿಸಿ, ಮೇಲೆ ಭಾರವನ್ನಿಟ್ಟು ಬಿಡುತ್ತಿದ್ದರು. ಮಂದವಾದ ಶಾಖದಲ್ಲಿ ಬಹಳ ಹೊತ್ತು ಇದ್ದು ಹಣ್ಣು ತನ್ನ ನೀರನ್ನು ಬಿಟ್ಟು, ಚಪ್ಪಟೆಯಾಗಿ, ಕಪ್ಪಿಟ್ಟು, ಜೇನಿನಂತೆ ಸಿಹಿಯಾಗುತ್ತಿತ್ತು. ಅದನ್ನು ಪೆಟ್ಟಿಗೆಗಳಲ್ಲಿ ತುಂಬಿ ಲಂಡನ್ನಿಗೆ ಕಳುಹಿಸುತ್ತಿದ್ದರು. ಮರುದಿನ ತರಗತಿಯಲ್ಲಿ ಇದನ್ನೆಲ್ಲ ಹೇಳಿ ಮುಗಿಸಿದಾಗ ಆ ಹುಡುಗಿ ಒಂದೇ ಮಾತು ಹೇಳಿದಳು: "ಹಾಗಾದರೆ ಅದು ಅವರ ಮಾಂಬಳ."

ಘಟ್ಟದ ಮೇಲಿನ ಶ್ರೋತೃಗಳಿಗೆ ಮಾಂಬಳವೆಂದರೇನೆಂದು ಹೇಳಬೇಕಾದೀತು. ಮಾವಿನ ಅಥವಾ ಹಲಸಿನ ಹಣ್ಣಿನ ರಸವನ್ನು ಚಾಪೆಯ ಮೇಲೆ ತೆಳ್ಳಗೆ ಸವರಿ ಬಿಸಿಲಿಗೆ ಒಣಗಿಸಿ, ಮರುದಿನ ಅದರ ಮೇಲೆಯೇ ಮತ್ತೊಂದು ಪದರವನ್ನು ಸವರಿ, ಹೀಗೆ ದಿನದಿನಕ್ಕೆ ಏರಿಸುತ್ತ ಹೋದರೆ ಕೊನೆಗೆ ಚರ್ಮದಂತೆ ಬಾಗುವ, ಹೊಳಪಾದ, ಕಂದುಬಣ್ಣದ ಒಂದು ಹಾಳೆಯಾಗುವುದು. ಅದೇ ಮಾಂಬಳ. ಪುತ್ತೂರು, ಸುಳ್ಯ, ಮತ್ತು ಈಚೆಗೆ ಬೇರೆ ತಾಲೂಕಾದ ಕಡಬ, ಈ ಮೂರು ಸೀಮೆಗಳ ಹಳೆಯ ಮನೆಗಳಲ್ಲಿ ಇದನ್ನು ಅರಿಯದವರಿಲ್ಲ. ನಾನು ಹುಟ್ಟಿ ಬೆಳೆದುದು ಅಲ್ಲಿ. ನನ್ನ ತಾಯಿಯವರು ಈಗಲೂ ಅಲ್ಲಿಯೇ ಇರುವರು.

ಈ ಸೀಮೆಯು ಘಟ್ಟದ ಬುಡದಲ್ಲಿದೆ. ಕುಮಾರಧಾರೆ, ಪಯಸ್ವಿನಿಗಳ ಇಬ್ಬದಿಯಲ್ಲಿಯೂ ಅಡಿಕೆಯ ತೋಟಗಳು. ತೋಟದ ಅಂಚಿನಲ್ಲಿಯೂ ಗುಡ್ಡದ ಇಳಿಜಾರಿನಲ್ಲಿಯೂ ಹಲಸು, ಕಾಟುಮಾವು, ಗೇರು, ಪುನರ್ಪುಳಿ. ಹಲಸನ್ನು ಅಲ್ಲಿ ಸಾಲಾಗಿ ನೆಟ್ಟು ಬೆಳೆಸಿದವರು ಹಿಂದೆ ಕಡಿಮೆ. ಅದು ತಾನಾಗಿ ಬೆಳೆದು ತಾನಾಗಿ ಬಿಡುವ ಮರ. ಬಿಡುವುದೂ ಒಂದೆರಡಲ್ಲ. ಆದರೆ ಅದು ಹಣ್ಣಾಗುವ ಕಾಲವನ್ನು ನೋಡಿದರೆ ಯಾರೋ ಬೇಕೆಂದೇ ಹೂಡಿದ ಕೀಟಲೆಯಂತೆ ತೋರುವುದು. ಏಪ್ರಿಲಿನಲ್ಲಿ ಕೆಲವು, ಮೇ ತಿಂಗಳಲ್ಲಿ ಬಹಳ, ಜೂನಿನಲ್ಲಿ ಇನ್ನೂ ಬಹಳ. ಜೂನಿನ ಮೊದಲ ವಾರದಲ್ಲಿ ಮಳೆಗಾಲ ಇಳಿಯುವುದು. ವರ್ಷಕ್ಕೆ ಸುಮಾರು ೩,೫೦೦ರಿಂದ ೪,೦೦೦ ಮಿಲಿಮೀಟರು ಮಳೆ ಸುರಿಯುವ ನಾಡು ಅದು. ಆ ಮಳೆಯ ಬಹುಭಾಗವು ನಾಲ್ಕೇ ತಿಂಗಳಲ್ಲಿ ಬೀಳುವುದು. ಮಳೆ ಬಿದ್ದ ಮೇಲೆ ಹಲಸಿನ ಹಣ್ಣು ನೀರುನೀರಾಗಿ ರುಚಿಗೆಡುವುದು. ಮರದ ಬುಡದಲ್ಲಿ ಬಿದ್ದು ಕೊಳೆಯುವುದು. ಆಟಿ ತಿಂಗಳಿನಲ್ಲಿ, ಎಂದರೆ ಜುಲೈ ಆಗಸ್ಟುಗಳಲ್ಲಿ, ಹಿಂದಿನ ಕಾಲದ ಮನೆಗಳಲ್ಲಿ ತರಕಾರಿಗೂ ತತ್ವಾರ. ಆದುದರಿಂದ ಹಣ್ಣಿನ ಕಾಲಕ್ಕೂ ಹಸಿವಿನ ಕಾಲಕ್ಕೂ ನಡುವೆ ಸೇತುವೆಯನ್ನು ಕಟ್ಟಬೇಕಾಗಿದ್ದುದು ಏಪ್ರಿಲು ಮೇ ತಿಂಗಳುಗಳ ಬಿಸಿಲಿನಲ್ಲಿ. ಅದಕ್ಕೆ ಸಿಕ್ಕುತ್ತಿದ್ದುದು ಆರೇಳು ವಾರಗಳು ಮಾತ್ರ.

ಆ ಬಿಸಿಲಿಗೂ ಪೈಪೋಟಿಯುಂಟು. ಅಡಿಕೆಯನ್ನು ಸಿಪ್ಪೆ ಸಹಿತ ಅಂಗಳದಲ್ಲಿ ನಲವತ್ತು ನಲವತ್ತೈದು ದಿನ ಒಣಗಿಸಿ ಚಾಲಿ ಮಾಡುವುದು ಆ ಸೀಮೆಯ ಪದ್ಧತಿ. ಅಂಗಳವೆಲ್ಲ ಅಡಿಕೆಯದಾಗಿ, ಅದು ಸುಲಿದು ಮುಗಿದು ಅಂಗಳ ಬರಿದಾಗುವ ಹೊತ್ತಿಗೆ ಹಲಸು ಬಲಿತಿರುವುದು. ಅಂಗಳವನ್ನು ಗಂಡಸರು ಹೆಂಗಸರಿಗೆ ಬಿಟ್ಟುಕೊಡುತ್ತಿದ್ದುದು ಆಗಲೇ ಎಂದು ನನ್ನ ತಾಯಿಯವರು ನಗುತ್ತ ಹೇಳುವುದುಂಟು.

ಹಲಸಿನಲ್ಲಿ ಎರಡು ಜಾತಿ. ತೊಳೆ ಗಟ್ಟಿಯಾಗಿರುವುದು ಬಕ್ಕೆ. ಮುಟ್ಟಿದರೆ ಕರಗುವಂಥದು ತುಳುವ. ಬಕ್ಕೆಯ ಬಲಿತ ಕಾಯಿಯ ತೊಳೆಯನ್ನು ಆವಿಯಲ್ಲಿ ಬೇಯಿಸಿ, ಉಪ್ಪು, ಮೆಣಸು, ಜೀರಿಗೆಗಳನ್ನು ಕೂಡಿಸಿ ಒರಳಿನಲ್ಲಿ ಗುದ್ದಿ, ಉಂಡೆ ಮಾಡಿ, ಮಣೆಯಲ್ಲಿ ಒತ್ತಿ ಒಣಗಿಸಿದರೆ ಹಪ್ಪಳ. ತುಳುವದ ರಸವನ್ನು ಸೋಸಿ ಹರಡಿದರೆ ಮಾಂಬಳ. ಬೆಲ್ಲದೊಡನೆ ಗಟ್ಟಿಯಾಗುವವರೆಗೆ ಕಾಯಿಸಿದರೆ ಬೆರಟಿ, ಅದು ಪಾಯಸಕ್ಕೆ. ಬೀಜವನ್ನು ಉಪ್ಪುನೀರಿನಲ್ಲಿ ಬೇಯಿಸಿ ಕಲ್ಲಿನಂತೆ ಒಣಗಿಸಿದುದು ಸಾಂತಾಣಿ. ಮಳೆಗಾಲದ ಸಂಜೆ ಒಂದು ಸಾಂತಾಣಿಯನ್ನು ಬಾಯಲ್ಲಿಟ್ಟುಕೊಂಡರೆ ಅರ್ಧ ಗಂಟೆ ಮಕ್ಕಳ ಗಲಾಟೆಯಿಲ್ಲ. ಪೇಟೆಯ ಶ್ರೋತೃಗಳು ಈಗ ಪೊಟ್ಟಣ ಹರಿದು ತಿನ್ನುವ ಯಾವ ತಿನಿಸೂ ಅಷ್ಟು ಹೊತ್ತು ಬಾರದೆಂದು ನಾನು ಪಂಥ ಕಟ್ಟಿ ಹೇಳಬಲ್ಲೆನು. ಇವಲ್ಲದೆ ಉಪ್ಪಿನಲ್ಲಿ ಹಾಕಿಡುವ ತೊಳೆ ಬೇರೆ. ಅದು ಒಣಗಿಸುವ ವಿದ್ಯೆಯಲ್ಲವಾದುದರಿಂದ ಇಲ್ಲಿ ಬಿಟ್ಟಿರುವೆನು.

ಹಣ್ಣು ಏತಕ್ಕೆ ಕೆಡುವುದು, ಒಣಗಿದರೆ ಏತಕ್ಕೆ ಕೆಡುವುದಿಲ್ಲ? ನೀರಿರುವುದರಿಂದ ಕೆಡುವುದು, ನೀರು ಹೋದುದರಿಂದ ಕೆಡುವುದಿಲ್ಲವೆಂದು ಸಾಮಾನ್ಯವಾಗಿ ಹೇಳುವರು. ಇದು ಪೂರ್ತಿ ಸರಿಯಲ್ಲ. ಜೇನುತುಪ್ಪದಲ್ಲಿ ನೀರಿಲ್ಲವೇ? ನೂರಕ್ಕೆ ಹದಿನೇಳು ಹದಿನೆಂಟು ಪಾಲು ಇದ್ದೀತು. ಆದರೂ ಅದು ಕೆಡದು. ನೀರು ಎಷ್ಟಿದೆ ಎಂಬುದಕ್ಕಿಂತ ಆ ನೀರು ಎಷ್ಟು ಸ್ವತಂತ್ರವಾಗಿದೆ ಎಂಬುದೇ ಮುಖ್ಯ. ಸಕ್ಕರೆಯೂ ಉಪ್ಪೂ ನೀರಿನ ಕಣಗಳನ್ನು ಹಿಡಿದುಕೊಳ್ಳುವುವು. ಹಾಗೆ ಹಿಡಿದ ನೀರು ಬೂಷ್ಟಿಗಾಗಲಿ ಸೂಕ್ಷ್ಮಜೀವಿಗಳಿಗಾಗಲಿ ದಕ್ಕುವುದಿಲ್ಲ. ಈ ಸ್ವಾತಂತ್ರ್ಯವನ್ನು ಶಾಸ್ತ್ರಜ್ಞರು ಅಳೆಯುವರು. ಶುದ್ಧಜಲಕ್ಕೆ ಒಂದು ಎಂದು ಇಟ್ಟರೆ, ಬಹುಪಾಲು ಬ್ಯಾಕ್ಟೀರಿಯಗಳು ೦.೯೦ಕ್ಕಿಂತ ಕೆಳಗೆ ಬೆಳೆಯಲಾರವು. ಬೂಷ್ಟು ಹೆಚ್ಚು ಹಟದ ಜೀವಿ. ಅದರ ಕೆಲವು ಜಾತಿಗಳು ಇನ್ನೂ ಬಹಳ ಕೆಳಗಿನವರೆಗೆ ತಡೆದುಕೊಳ್ಳುವುವು. ೦.೬೦ಕ್ಕೆ ಇಳಿದರೆ ಯಾವುದೂ ಬೆಳೆಯದು. ಹಣ್ಣಿನಲ್ಲಿ ಮೊದಲೇ ಸಕ್ಕರೆಯಿರುವುದರಿಂದ, ನೀರು ಸ್ವಲ್ಪ ಉಳಿದಿದ್ದು ಅದು ಮೆತ್ತಗೆ ಬಾಗುವಂತಿದ್ದರೂ ಕೆಡುವುದಿಲ್ಲ. ತರಕಾರಿಯನ್ನಾದರೋ ಕಟ್ಟಿಗೆಯಂತೆ ಒಣಗಿಸಬೇಕು. ಹಪ್ಪಳ ಮುರಿಯಬೇಕು, ಮಾಂಬಳ ಬಾಗಬೇಕು ಎಂಬ ನಮ್ಮ ಮನೆಯ ಮಾತಿನ ಹಿಂದೆ ಈ ತತ್ವವಿದೆ.

ಇನ್ನೊಂದು ಸಂಗತಿಯನ್ನು ನಾನು ನಷ್ಟಪಟ್ಟು ಕಲಿತೆನು. ಒಂದು ವರ್ಷ ಆಗಸ್ಟು ತಿಂಗಳಿನಲ್ಲಿ ಪುತ್ತೂರಿನ ಪೇಟೆಯಲ್ಲಿ ಸೇಬು ಅಗ್ಗವಾಗಿತ್ತು. ಹಿಮಾಚಲದ ಕೋಟ್‌ಗಢದಲ್ಲಿ ಸ್ಟೋಕ್ಸನೆಂಬ ಅಮೆರಿಕನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ನೆಟ್ಟ ಸಸಿಗಳಿಂದ ಹಬ್ಬಿದ ಬೆಳೆಯು ಆ ಕಾಲಕ್ಕೆ ನಮ್ಮ ಕರಾವಳಿಯವರೆಗೂ ಇಳಿಯುವುದು. ನಾರ್ಫೋಕಿನ ಕಥೆಯು ತಲೆಯಲ್ಲಿದ್ದುದರಿಂದ ಐದು ಕಿಲೋ ತಂದು, ಮಗಳಿಗೆ ಶಾಲೆಯ ತಿನಿಸಿಗೆಂದು ಒಣಗಿಸಲು ಹೊರಟೆನು. ಬಿಸಿಲಿನ ಮಾತೇ ಇರಲಿಲ್ಲ; ಮನೆಯ ವಿದ್ಯುದೊಲೆಯನ್ನೇ ನಂಬಿದೆನು. ಬೇಗ ಮುಗಿಯಲೆಂದು ಶಾಖವನ್ನು ಜೋರಾಗಿಟ್ಟೆನು. ಬಿಲ್ಲೆಗಳು ದಪ್ಪವಾಗಿದ್ದುವು. ಎರಡು ಗಂಟೆಯಲ್ಲಿ ಹೊರಮೈ ಗರಿಗರಿಯಾಯಿತು. ಸಂತೋಷದಿಂದ ಗಾಜಿನ ಭರಣಿಗೆ ತುಂಬಿ ಮುಚ್ಚಳ ಬಿಗಿದೆನು. ತಾಯಿಯವರು ಒಂದು ತುಂಡನ್ನು ಎರಡು ಬೆರಳುಗಳ ನಡುವೆ ಅಮುಕಿ ನೋಡಿ, "ಹೊರಗೆ ಒಣಗಿದರೆ ಒಣಗಿತೆಂದು ಲೆಕ್ಕವೇ?" ಎಂದರು. ನಾನು ಕೇಳಲಿಲ್ಲ. ಹತ್ತು ದಿನಗಳಾದ ಮೇಲೆ ಭರಣಿಯೊಳಗೆ ಬೂದುಬಣ್ಣದ ತುಪ್ಪಳವೆದ್ದಿತ್ತು. ಮಗಳು ಅದಕ್ಕೂ ಮೊದಲೇ ನಾಲ್ಕು ತುಂಡು ತಿಂದಿದ್ದಳು. ಒಂದು ರಾತ್ರಿ ಹೊಟ್ಟೆನೋವಿನಿಂದ ಅವಳು ಮಲಗಲಿಲ್ಲ; ನಾನೂ ಮಲಗಲಿಲ್ಲ. ನೋವಿಗೆ ಆ ತುಂಡುಗಳೇ ಕಾರಣವೋ ಬೇರೆ ಯಾವುದೋ ಎಂದು ವೈದ್ಯರು ಖಚಿತವಾಗಿ ಹೇಳಲಿಲ್ಲ. ನನಗೆ ಮಾತ್ರ ಆ ರಾತ್ರಿ ಸಂದೇಹವೇನೂ ಇರಲಿಲ್ಲ.

ಆದುದಿಷ್ಟು. ಶಾಖವು ವಿಪರೀತವಾದಾಗ ಹೊರಮೈಯ ನೀರು ಒಳಗಿನಿಂದ ಮೇಲೆ ಬರುವ ನೀರಿಗಿಂತ ಬೇಗ ಹಾರಿಹೋಗಿ, ಹೊರಗೆ ಒಂದು ಚಿಪ್ಪು ಕಟ್ಟುವುದು. ಆ ಚಿಪ್ಪು ಒಳಗಿನ ತೇವಕ್ಕೆ ಬಾಗಿಲು ಮುಚ್ಚಿದಂತೆ. ಮುಚ್ಚಿದ ಭರಣಿಯಲ್ಲಿ ಒಳಗಿನ ತೇವವು ಮೆಲ್ಲಗೆ ಹೊರಕ್ಕೆ ಬಂದು ಎಲ್ಲವನ್ನೂ ಮೆತ್ತಗೆ ಮಾಡುವುದು. ಬೂಷ್ಟಿಗೆ ಅಷ್ಟೇ ಸಾಕು. ಮೇಲಾಗಿ, ಬಿಲ್ಲೆಯ ದಪ್ಪವನ್ನು ಇಮ್ಮಡಿ ಮಾಡಿದರೆ ಒಣಗುವ ಕಾಲವು ಇಮ್ಮಡಿಯಾಗುವುದಿಲ್ಲ, ಹೆಚ್ಚುಕಡಿಮೆ ನಾಲ್ಮಡಿಯಾಗುವುದು. ಮಾಂಬಳವನ್ನು ಒಂದೇ ಸಲ ದಪ್ಪಗೆ ಸುರಿಯದೆ, ದಿನಕ್ಕೊಂದು ತೆಳ್ಳನೆಯ ಪದರವಾಗಿ ಏಕೆ ಸವರುವರೆಂಬುದು ನನಗೆ ಅರ್ಥವಾದುದು ಆ ಭರಣಿಯನ್ನು ಗೊಬ್ಬರದ ಗುಂಡಿಗೆ ಸುರಿದ ದಿನ. ಹತ್ತು ಪದರ ಮಾಡುವ ಹೆಂಗಸಿಗೆ ಅದಕ್ಕೆ ಸೂತ್ರ ಬೇಕಾಗಿರಲಿಲ್ಲ.

ಈಗ ಸೇಬನ್ನು ಒಣಗಿಸುವ ಸರಿಯಾದ ಕ್ರಮವನ್ನು ಹೇಳುವೆನು. ಪೇಟೆಯಲ್ಲಿರುವ ತಮಗೆ ಹಲಸಿಗಿಂತ ಸೇಬೇ ಸುಲಭವಾಗಿ ಸಿಕ್ಕುವುದು. ಹುಳಿ ಸಿಹಿ ಬೆರೆತ, ಗಟ್ಟಿಯಾದ ಹಣ್ಣನ್ನು ಆರಿಸಬೇಕು, ಹಿಟ್ಟುಹಿಟ್ಟಾದುದು ಬೇಡ. ತೊಳೆದು, ನಡುವಿನ ಗಟ್ಟಿಯನ್ನು ತೆಗೆದು, ಆರು ಮಿಲಿಮೀಟರಿಗಿಂತ ದಪ್ಪವಾಗದಂತೆ ಒಂದೇ ಸಮನಾಗಿ ಬಿಲ್ಲೆ ಮಾಡಬೇಕು. ಕೊಯ್ದ ಸೇಬು ಕಂದುಬಣ್ಣಕ್ಕೆ ತಿರುಗುವುದು ಎಲ್ಲರೂ ಕಂಡ ವಿಷಯ. ಹಣ್ಣಿನೊಳಗಿನ ಒಗರಿನ ದ್ರವ್ಯಗಳು, ಅದರಲ್ಲಿಯೇ ಇರುವ ಒಂದು ಕಿಣ್ವದ ಸಹಾಯದಿಂದ, ಗಾಳಿಯ ಆಮ್ಲಜನಕದೊಡನೆ ಸೇರುವುದೇ ಅದಕ್ಕೆ ಕಾರಣ. ನಿಂಬೆಯ ರಸ ಬೆರೆಸಿದ ನೀರಿನಲ್ಲಿ ಬಿಲ್ಲೆಗಳನ್ನು ಹತ್ತು ನಿಮಿಷ ಇಟ್ಟರೆ ಹುಳಿಯು ಆ ಕಿಣ್ವದ ಕೆಲಸವನ್ನು ತಗ್ಗಿಸುವುದು. ಬಾಳೆಕಾಯಿಯನ್ನೂ ಬಾಳೆದಿಂಡನ್ನೂ ಹೆಚ್ಚಿದ ಕೂಡಲೆ ಮಜ್ಜಿಗೆಯ ನೀರಿಗೆ ಹಾಕುವ ನಮ್ಮ ಅಡಿಗೆಮನೆಯ ರೂಢಿಯೂ ಇದೇ. ಅಂಗಡಿಯಲ್ಲಿ ದೊರೆಯುವ ಬೆಳ್ಳಗಿನ ಒಣಹಣ್ಣುಗಳಿಗೆ ಗಂಧಕದ ಹೊಗೆಯನ್ನೋ ಅದರ ಲವಣಗಳನ್ನೋ ಉಪಯೋಗಿಸುವುದುಂಟು; ಉಬ್ಬಸದವರಿಗೆ ಅದು ಆಗಿಬಾರದು. ಮನೆಯಲ್ಲಿ ಅದರ ಆವಶ್ಯಕತೆಯಿಲ್ಲ. ಸ್ವಲ್ಪ ಕಂದಾದರೆ ಆಗಲಿ.

ಒಣಗಿಸುವ ಶಾಖವು ೬೦ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿರಬೇಕು, ಗಾಳಿ ಆಡುತ್ತಿರಬೇಕು. ಆರರಿಂದ ಹನ್ನೆರಡು ಗಂಟೆ ಹಿಡಿಯುವುದು. ಅವಸರ ಕೂಡದು. ಬಿಸಿಲಿಗೆ ಇಡುವವರು ಬಯಲುಸೀಮೆಯಲ್ಲಿದ್ದರೆ ಪುಣ್ಯವಂತರು; ಅಲ್ಲಿ ಬೇಸಿಗೆಯ ಗಾಳಿ ಒಣಗಿರುವುದು. ಹಣ್ಣಿಗೆ ೩೦ ಡಿಗ್ರಿಗೆ ಮೇಲಾದ ಶಾಖವೂ, ನೂರಕ್ಕೆ ಅರುವತ್ತಕ್ಕಿಂತ ಕಡಿಮೆಯಾದ ಗಾಳಿಯ ತೇವವೂ ಬೇಕೆಂದು ಶಾಸ್ತ್ರ. ಕರಾವಳಿಯಲ್ಲಿ ಶಾಖಕ್ಕೆ ಕೊರತೆಯಿಲ್ಲ, ತೇವದ್ದೇ ತೊಂದರೆ. ನಡುಹಗಲಿನ ಕೆಲವು ಗಂಟೆಗಳು ಮಾತ್ರ ನಮ್ಮ ಪಾಲಿಗೆ. ಹೊತ್ತು ಇಳಿದ ಮೇಲೆ ಹಗಲು ಬಿಟ್ಟ ತೇವವನ್ನು ಹಣ್ಣು ರಾತ್ರಿ ಮರಳಿ ಹೀರುವುದು. ನಾಲ್ಕು ಗಂಟೆಯಾದೊಡನೆ, ಆಕಾಶ ಎಷ್ಟೇ ತಿಳಿಯಾಗಿದ್ದರೂ, ಚಾಪೆಗಳನ್ನು ಒಳಕ್ಕೆ ತರಲೇಬೇಕೆಂದು ತಾಯಿಯವರು ಹಟ ಹಿಡಿಯುತ್ತಿದ್ದುದು ಮಳೆಯ ಹೆದರಿಕೆಯಿಂದ ಮಾತ್ರವಲ್ಲ.

ಒಣಗಿತೇ ಎಂದು ತಿಳಿಯುವುದಕ್ಕೆ ಒಂದು ಬಿಲ್ಲೆಯನ್ನು ಆರಲು ಬಿಟ್ಟು, ಎರಡಾಗಿ ಹರಿದು, ಹರಿದ ಅಂಚನ್ನು ಅಮುಕಬೇಕು. ತೇವದ ಹನಿ ಕಾಣಿಸಕೂಡದು. ಮಡಿಸಿದರೆ ತನಗೆ ತಾನೇ ಅಂಟಿಕೊಳ್ಳಕೂಡದು. ಅಮೆರಿಕದ ಗೃಹಕೃತ್ಯದ ಕೈಪಿಡಿಗಳಲ್ಲಿ ಇನ್ನೊಂದು ವಿಧಿಯನ್ನು ಹೇಳಿರುವರು. ಒಣಗಿದ ಹಣ್ಣನ್ನು ಭರಣಿಯಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ ತುಂಬಿ, ಒಂದು ವಾರ ಹತ್ತು ದಿನ ದಿನವೂ ಕುಲುಕುತ್ತಿರಬೇಕು. ಗಾಜಿನ ಒಳಮೈಯಲ್ಲಿ ಬೆವರು ಕಂಡರೆ ಮತ್ತೆ ಒಣಗಿಸಬೇಕು. ಹೆಚ್ಚು ಒಣಗಿದ ತುಂಡು ಕಡಿಮೆ ಒಣಗಿದ ತುಂಡಿನಿಂದ ತೇವವನ್ನು ತೆಗೆದುಕೊಂಡು ಎಲ್ಲವೂ ಸಮವಾಗುವುದು ಇದರ ಉದ್ದೇಶ. ಇದನ್ನು ಓದಿ ಹೆಮ್ಮೆಯಿಂದ ತಾಯಿಯವರಿಗೆ ಹೇಳಿದೆನು. ಹಪ್ಪಳವನ್ನಾಗಲಿ ಸಾಂತಾಣಿಯನ್ನಾಗಲಿ ಎಂಟು ದಿನ ಬುಟ್ಟಿಯಲ್ಲಿ ಆಡಿಸದೆ ಡಬ್ಬಕ್ಕೆ ತುಂಬಿದುದುಂಟೇ ಎಂದು ಅವರು ಕೇಳಿದರು. ನಾನು ಆ ಬುಟ್ಟಿಯನ್ನು ನಲವತ್ತು ವರ್ಷಗಳಿಂದ ನೋಡಿದ್ದೆನು.

ಬಿಸಿಲಿನಲ್ಲಿ ಒಣಗಿದುದರಲ್ಲಿ ಹುಳುಗಳ ಮೊಟ್ಟೆಯಿರಬಹುದು. ಮಂಜುಗಟ್ಟುವ ಪೆಟ್ಟಿಗೆಯಲ್ಲಿ ಎರಡು ದಿನ ಇಟ್ಟರೆ, ಅಥವಾ ೭೦ ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ ಇಟ್ಟರೆ, ಆ ಭಯವಿಲ್ಲ. ಒಂದು ಕಿಲೋ ಸೇಬಿನಿಂದ ಒಂದೂವರೆ ನೂರು ಗ್ರಾಮಿನಷ್ಟು ಒಣಹಣ್ಣು ದೊರೆಯುವುದು. ಹಲಸಿನ ತೊಳೆಯಲ್ಲಿ ನೀರು ಕಡಿಮೆಯಾದುದರಿಂದ ಮುನ್ನೂರರ ಹತ್ತಿರ. ನಮ್ಮ ಹವೆಯಲ್ಲಿ ಆರು ತಿಂಗಳ ಮೇಲೆ ಇಡಬಾರದು. ಮೇ ತಿಂಗಳಿನಲ್ಲಿ ಮಾಡಿದುದು ದೀಪಾವಳಿಗೆ ಮುಗಿಯಬೇಕು. ಇನ್ನು, ಒಣಹಣ್ಣನ್ನು ಔಷಧವೆಂಬಂತೆ ಹೊಗಳುವವರ ಮಾತನ್ನು ಅಷ್ಟಾಗಿ ನಂಬಬೇಡಿರಿ. ನಾರು ಉಳಿಯುವುದು ನಿಜ, ಆದರೆ ಸಿ ಜೀವಸತ್ವದ ಬಹುಭಾಗ ಹೋಗುವುದು. ಸಕ್ಕರೆ ಒಂದೆಡೆ ಕೂಡುವುದು, ಹಲ್ಲಿಗೆ ಅಂಟುವುದು. ಎರಡು ಸೇಬು ತಿಂದು ಸಾಕೆನ್ನುವವನು ಒಣಗಿದ ನಾಲ್ಕನ್ನು ಗಮನವಿಲ್ಲದೆ ಮುಗಿಸುವನು. ನನ್ನ ತಾಯಿಯವರಿಗೆ ಸಿಹಿಮೂತ್ರದ ಕಾಯಿಲೆ. ಮಾಂಬಳವನ್ನು ಮಾಡುವವರು ಅವರು. ಒಂದು ಬೆರಳಿನ ಉದ್ದಕ್ಕೆ ಮೇಲೆ ತಿನ್ನುವಂತಿಲ್ಲ.

ಸೇಬಿನ ಮಾತು ಬಂದುದರಿಂದ ಒಂದು ಉಪಕಥೆ. ಪುತ್ತೂರಿನ ಗುಡ್ಡಗಳಲ್ಲಿಯೇ ಒಂದು ಸೇಬುಂಟು. ಇಂಗ್ಲಿಷಿನಲ್ಲಿ ಗೇರುಹಣ್ಣಿಗೆ ಗೇರಿನ ಸೇಬೆಂದೇ ಹೆಸರು. ಬೀಜಕ್ಕಿಂತ ಹಲವು ಪಾಲು ತೂಕದ ಈ ಹಣ್ಣನ್ನು ಬೀಜ ತಿರುಪಿ ತೆಗೆದು ಅಲ್ಲಿಯೇ ಎಸೆಯುವರು. ಪುತ್ತೂರಿನಲ್ಲಿ ೧೯೮೬ರಲ್ಲಿ ಆರಂಭವಾದ ಗೇರು ಸಂಶೋಧನಾ ಕೇಂದ್ರವುಂಟು; ಹಣ್ಣಿನ ಉಪಯೋಗದ ವಿಚಾರವಾಗಿಯೂ ಅಲ್ಲಿ ಪ್ರಯತ್ನಗಳು ನಡೆದಿವೆ. ಒಗರು ಬಹಳ, ಕೊಯ್ದ ದಿನವೇ ಕೆಡುವುದು, ಇವೆರಡು ಅದರ ಶತ್ರುಗಳು. ಉಪ್ಪುನೀರಿನಲ್ಲಿ ಕುದಿಸಿ, ಸಕ್ಕರೆಯ ಪಾಕದಲ್ಲಿ ನೆನೆಯಿಸಿ ಒಣಗಿಸಿದರೆ ತಿನ್ನುವಂತಾಗುವುದು. ನಾನು ಮಾಡಿ ನೋಡಿದ್ದೇನೆ. ತಿನ್ನುವಂತಾಯಿತು ಎಂಬುದಕ್ಕಿಂತ ಹೆಚ್ಚಿನ ಮಾತನ್ನು ನಾನು ಹೇಳಲಾರೆ.

ಉತ್ತರದಲ್ಲಿ ಕಾಶ್ಮೀರದವರು ಹಿಮಗಾಲಕ್ಕೆಂದು ಬದನೆ, ಸೋರೆ, ಸೇಬುಗಳನ್ನು ಬೇಸಿಗೆಯಲ್ಲಿಯೇ ದಾರಕ್ಕೆ ಪೋಣಿಸಿ ಒಣಗಿಸಿಡುವರು. ಆ ಒಣಪದಾರ್ಥಗಳಿಗೆ ಹೋಖ್ ಸ್ಯುನ್ ಎಂದು ಹೆಸರು. ಅಲ್ಲಿ ಹಿಮ, ಇಲ್ಲಿ ಮಳೆ. ಮನೆಯ ಬಾಗಿಲು ಮುಚ್ಚಿಸುವ ಋತು ಬೇರೆ, ಭಯ ಒಂದೇ. ಆ ಭಯ ಈಗಿಲ್ಲ. ಅಂಗಡಿಯಲ್ಲಿ ಹನ್ನೆರಡು ತಿಂಗಳೂ ತರಕಾರಿ ದೊರೆಯುವುದು. ಹಾಗಾದರೆ ಮಾಂಬಳವೇಕೆ?

ಈ ಪ್ರಶ್ನೆಗೆ ಸಭೆಗಳಲ್ಲಿ ಸಿದ್ಧವಾದ ಉತ್ತರವೊಂದುಂಟು: ನಮ್ಮ ಹಿರಿಯರು ಜಾಣರು, ಅವರ ವಿದ್ಯೆಯನ್ನು ಉಳಿಸಬೇಕು ಎಂಬುದು. ಹೀಗೆ ಹೇಳುವವರಲ್ಲಿ ಬಹುಮಂದಿ ಗಂಡಸರು. ಒರಳಿನ ಮುಂದೆ ಕುಳಿತವರಲ್ಲ. ನೂರು ಹಪ್ಪಳಕ್ಕೆ ಎಷ್ಟು ಹಲಸು ಸೀಳಬೇಕು, ಅಂಟಿನಿಂದ ಕೈ ಹೇಗಾಗುವುದು, ಉರಿಬಿಸಿಲಿನಲ್ಲಿ ಕಾಗೆ ಕೋಳಿಗಳನ್ನು ಅಟ್ಟುತ್ತ ಕುಳಿತರೆ ತಲೆನೋವು ಎಷ್ಟು ಎಂಬುದನ್ನು ಅವರು ಬಲ್ಲರೇ? ಕಾಗೆ ಕಾಯುವ ಕೆಲಸ ಚಿಕ್ಕಂದಿನಲ್ಲಿ ನನ್ನದಾಗಿತ್ತು. ಕೋಲು ಹಿಡಿದು ಕುಳಿತು ಚಾಪೆಯ ಅಂಚಿನ ಹಸಿ ಮಾಂಬಳವನ್ನು ನಾನೇ ನೆಕ್ಕುತ್ತಿದ್ದುದರಿಂದ ಕಾಗೆಗಿಂತ ಹೆಚ್ಚು ನಷ್ಟ ನನ್ನಿಂದಲೇ ಆಗಿರಬೇಕು. ಇಡೀ ಬೇಸಿಗೆಯಲ್ಲಿ ತಾಯಿಯವರು ಮಧ್ಯಾಹ್ನ ಮಲಗಿದುದನ್ನು ನಾನು ಕಂಡಿಲ್ಲ. ಅವರ ಕೈಯ ವಿದ್ಯೆಯನ್ನು ಉಳಿಸುವುದೆಂದರೆ ಆ ದುಡಿಮೆಯನ್ನೂ ಇನ್ನೊಬ್ಬ ಹೆಂಗಸಿನ ಮೇಲೆ ಹೊರಿಸುವುದೆಂದಾದರೆ ನಾನು ಒಪ್ಪಲಾರೆ. ಒಣಗಿಸುವ ಗೂಡು, ಸೋಸುವ ಯಂತ್ರ, ಒತ್ತುವ ಯಂತ್ರ ಇವೆಲ್ಲ ಈಗ ಉಂಟು. ಅಡಿಕೆಗೆಂದು ಪ್ಲಾಸ್ಟಿಕಿನ ಹೊದಿಕೆ ಹೊದಿಸಿದ ಬಿಸಿಲಗೂಡುಗಳು ಅನೇಕರ ಅಂಗಳದಲ್ಲಿಯೇ ನಿಂತಿವೆ. ಅಡಿಕೆ ಒಳಗೆ ಹೋದ ಮೇಲೆ ಅವು ಬರಿದಾಗಿರುವುವು. ಹಣ್ಣನ್ನು ಅದರೊಳಗೆ ಹರಡುವುದಕ್ಕೆ ಗಂಡಸಿಗೂ ಕೈಗಳಿವೆ.

ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೆ ಒಂದು ಉದಾಹರಣೆ ಪುತ್ತೂರಿನದೇ. ಅಲ್ಲಿಂದ ೧೯೮೮ರಿಂದ ಹೊರಡುತ್ತಿರುವ 'ಅಡಿಕೆ ಪತ್ರಿಕೆ'ಯು ಕೃಷಿಕರು ತಾವೇ ಬರೆಯುವ ಪತ್ರಿಕೆಯೆಂದು ಹೆಸರಾದುದು. ಅದರ ಸಂಪಾದಕರಾದ ಶ್ರೀ ಪಡ್ರೆಯವರು ಹಲಸಿನ ವಿಚಾರವಾಗಿ ವರ್ಷಗಟ್ಟಲೆ ಬರೆದಿರುವರು. ೨೦೨೧ರಲ್ಲಿ ಬಾಳೆಕಾಯಿಯ ಬೆಲೆ ನೆಲಕಚ್ಚಿದಾಗ, ಕಾಯಿಯನ್ನು ಹೆಚ್ಚಿ ಒಣಗಿಸಿ ಹುಡಿಮಾಡಿ ಮನೆಯ ಅಡಿಗೆಗೆ ಉಪಯೋಗಿಸಿರೆಂಬ ಪ್ರಚಾರವು ಅವರ ಕಡೆಯಿಂದ ಹೊರಟಿತು. ಬಾಳೆಕಾಯಿ ಹುಡಿ ಎಂಬುದರ ಮೊದಲಕ್ಷರಗಳಿಂದ ಅದಕ್ಕೆ 'ಬಾಕಾಹು' ಎಂದು ಹೆಸರಾಯಿತು. ಕೆಲವೇ ವಾರಗಳಲ್ಲಿ ಕರಾವಳಿಯಿಂದ ಘಟ್ಟದ ಮೇಲಕ್ಕೂ ಹಬ್ಬಿ, ಎಷ್ಟೋ ಮನೆಗಳ ಹೆಂಗಸರು ಹುಡಿಯಿಂದ ರೊಟ್ಟಿ, ದೋಸೆ, ಸಿಹಿತಿಂಡಿಗಳನ್ನು ಮಾಡಿ ಒಬ್ಬರಿಗೊಬ್ಬರು ತೋರಿಸಿಕೊಂಡರು. ತಿಪ್ಪೆಗೆ ಹೋಗುತ್ತಿದ್ದ ಗೊನೆ ಡಬ್ಬಕ್ಕೆ ಬಂದಿತು. ಹಲಸಿನ ವಿಷಯದಲ್ಲಿ ನೆರೆಯ ಕೇರಳವು ೨೦೧೮ರಲ್ಲಿ ಅದನ್ನು ರಾಜ್ಯದ ಹಣ್ಣೆಂದು ಸಾರಿತು. ನಮ್ಮಲ್ಲಿ ಮೇಳಗಳು ನಡೆಯುವುವು, ಜನ ಸೇರುವರು, ಹಪ್ಪಳ ಕೊಳ್ಳುವರು. ಹಿಂತಿರುಗುವ ದಾರಿಯಲ್ಲಿ ಮರದ ಬುಡದಲ್ಲಿ ಕೊಳೆತ ಹಣ್ಣಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವರು.

ನನ್ನ ತಾಯಿಯವರಿಗೆ ಎಪ್ಪತ್ತು ದಾಟಿತು. ಮೊಣಕಾಲು ಮಡಿಸಲಾರರು. ೨೦೨೫ರ ಬೇಸಿಗೆಯಲ್ಲಿ ಒಂದು ಚಾಪೆಯ ಮಾಂಬಳವನ್ನಾದರೂ ನನ್ನ ಕೈಯಿಂದ ಮಾಡಿಸಬೇಕೆಂದು ಅವರು ಹೇಳಿದರು. ರಜೆ ಹಾಕಿ ಹೋದೆನು. ಅವರು ಜಗಲಿಯಲ್ಲಿ ಕುರ್ಚಿಯ ಮೇಲೆ, ನಾನು ಅಂಗಳದಲ್ಲಿ. ತುಳುವದ ರಸವನ್ನು ಎಷ್ಟು ಸೋಸಬೇಕು, ಅಂಗೈಯಿಂದ ಹೇಗೆ ಸವರಬೇಕು, ಹಳೆಯ ಪದರ ಬೆರಳಿಗೆ ಅಂಟದಿದ್ದಾಗ ಮಾತ್ರ ಹೊಸದನ್ನು ಹಾಕಬೇಕು ಎಂದೆಲ್ಲ ಅಲ್ಲಿಂದಲೇ ಹೇಳುವರು. ಮಗಳು ಎಲ್ಲವನ್ನೂ ಒಂದು ನೋಟ್‌ಪುಸ್ತಕದಲ್ಲಿ ಬರೆದುಕೊಂಡಳು; ಬರೆಯುವುದು ಕಡಿಮೆ, ಅಂಚು ನೆಕ್ಕುವುದು ಹೆಚ್ಚು. ಹದಿನೈದು ಪದರವಾಗಬೇಕೆಂದು ಲೆಕ್ಕ. ವಾಡಿಕೆಯಂತೆ ಮಳೆಗಾಲವು ಕೇರಳವನ್ನು ಮುಟ್ಟುವುದು ಜೂನ್ ೧ಕ್ಕೆ. ಆ ವರ್ಷ ಮೇ ೨೪ಕ್ಕೇ ಮುಟ್ಟಿತು. ಅದಕ್ಕೂ ಮುಂಚಿನ ದಿನಗಳಿಂದಲೇ ನಮ್ಮಲ್ಲಿ ಮೋಡ ಕವಿದು ಜಡಿಮಳೆ ಹಿಡಿದಿತ್ತು. ಆಗ ಆಗಿದ್ದುದು ಒಂಬತ್ತು ಪದರ. ಒಂಬತ್ತನೆಯದು ಇನ್ನೂ ಹಸಿ.

ವಿದ್ಯುದೊಲೆಯಲ್ಲಿ ಇಡೋಣವೇ ಎಂದು ಕೇಳಿದೆನು. ತಾಯಿಯವರು ನನ್ನ ಮುಖವನ್ನು ನೋಡಿದರಷ್ಟೆ. ಚಾಪೆಯನ್ನು ಹಾಗೆಯೇ ಎತ್ತಿಸಿ ಬಚ್ಚಲುಮನೆಯ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದರು. ಸಿಪ್ಪೆಯ ಬೆಂಕಿ ಅಲ್ಲಿ ಹಗಲೆಲ್ಲ ಕನಲುತ್ತಿರುವುದು. ನಾರ್ಫೋಕಿನ ರೊಟ್ಟಿಯವನ ಒಲೆಯಂತೆ ಅದರದೂ ಮಂದವಾದ ಶಾಖ. ಆರು ದಿನ ಅಲ್ಲಿದ್ದು ಅದು ಬಾಗುವ ಹದಕ್ಕೆ ಬಂದಿತು. ಸ್ವಲ್ಪ ಹೊಗೆಯ ವಾಸನೆ, ಸ್ವಲ್ಪ ತೆಳುವು. ಎಂಟು ದಿನ ಬುಟ್ಟಿಯಲ್ಲಿಟ್ಟು, ಬಾಳೆಯ ಒಣಎಲೆಯಲ್ಲಿ ಸುತ್ತಿ ಡಬ್ಬಕ್ಕೆ ಹಾಕಿದೆವು. ಆಟಿಯ ಒಂದು ಸಂಜೆ, ಹೊರಗೆ ಮಳೆ ಬೀಳುತ್ತಿರುವಾಗ, ಮಗಳು ಡಬ್ಬವನ್ನು ತೆಗೆದು ಮೊದಲ ತುಂಡನ್ನು ಅಜ್ಜಿಗೆ ಕೊಟ್ಟಳು. ಅವರು ಅದನ್ನು ಬಾಯಿಗೆ ಹಾಕಲಿಲ್ಲ. ಎರಡು ಬೆರಳುಗಳ ನಡುವೆ ಅಮುಕಿ, ಹರಿದು, ಅಂಚನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ತಮ್ಮ ಬೆರಳಿನ ಉದ್ದಕ್ಕೆ ಅಳೆದು, ಅಷ್ಟನ್ನು ತಿಂದು, ಉಳಿದುದನ್ನು ಅವಳ ಕೈಗೆ ಹಿಂದಕ್ಕೆ ಕೊಟ್ಟರು.